ಉಳಿಸಿದ ಯೂನಿಟ್‌ಗೂ ಬೆಲೆ ಬೇಕು

ಗೃಹಜ್ಯೋತಿ ಯೋಜನೆಯ ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ವಾದಗಳ ನಡುವೆ ತೂಗಾಡುತ್ತದೆ. ಬಡ ಹಾಗೂ ಮಧ್ಯಮ ವರ್ಗದ ಕುಟುಂಬಗಳಿಗೆ ಇದು ದೊಡ್ಡ ಆಸರೆ ಎನ್ನುವವರು ಒಂದು ಕಡೆ. ಬೊಕ್ಕಸಕ್ಕೆ ಭಾರ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಈ ವಾಗ್ವಾದದಲ್ಲಿ ಮೂರನೆಯ ಪ್ರಶ್ನೆಯೊಂದು ಯಾರಿಗೂ ಕೇಳಿಸುತ್ತಿಲ್ಲ: ಮನೆಯಲ್ಲಿ ವಿದ್ಯುತ್ ಉಳಿಸುವವರಿಗೆ ಈ ವ್ಯವಸ್ಥೆಯಲ್ಲಿ ಸಿಗುವುದೇನು?

2023ರಲ್ಲಿ ಜಾರಿಗೆ ಬಂದ ಈ ಯೋಜನೆಯ ಲೆಕ್ಕಾಚಾರ ಹೀಗಿದೆ. 2022-23ರಲ್ಲಿ ಒಂದು ಮನೆ ಬಳಸಿದ ಮಾಸಿಕ ಸರಾಸರಿಗೆ ಶೇ 10ರಷ್ಟು ಸೇರಿಸಿ ಉಚಿತ ಅರ್ಹತೆ ನಿಗದಿಯಾಯಿತು. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ತೆರಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ತೀರಾ ಕಡಿಮೆ ಬಳಸುವವರಿಗೆ ಅನ್ಯಾಯವಾಗುತ್ತಿದೆ ಎಂಬುದು ಅರಿವಾದ ಮೇಲೆ, 2024ರಲ್ಲಿ 48 ಯೂನಿಟ್‌ಗಿಂತ ಕಡಿಮೆ ಸರಾಸರಿಯ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ನೀಡಲಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಗಾದೆ. ಇಲ್ಲಿ ಕಾಲು ಚಾಚಿದಷ್ಟು ಹಾಸಿಗೆ ಹಾಸಿಕೊಡಲಾಗಿದೆ. ಅಂದು 150 ಯೂನಿಟ್ ಉರಿಸಿದವರಿಗೆ 165 ಯೂನಿಟ್ ಉಚಿತ. ಎಚ್ಚರಿಕೆಯಿಂದ 60 ಯೂನಿಟ್‌ನಲ್ಲಿ ಸಂಸಾರ ತೂಗಿಸಿದವರಿಗೆ 66 ಮಾತ್ರ. ಅರ್ಹತೆಯೊಳಗೆ ಎಷ್ಟು ಉಳಿಸಿದರೂ ಕುಟುಂಬಕ್ಕೆ ಒಂದು ಪೈಸೆಯ ಲಾಭವಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠವೇ ಇದು: ಕೊನೆಯ ಯೂನಿಟ್‌ನ ಬೆಲೆ ಸೊನ್ನೆಯಾದರೆ ಮಿತವ್ಯಯಕ್ಕೆ ಕಾರಣವೇ ಇರುವುದಿಲ್ಲ.

ಉಳಿಸಲು ಅವಕಾಶ ಎಲ್ಲಿದೆ ಎಂದು ಕೇಳುವವರಿಗಾಗಿ ಒಂದೆರಡು ಸರಳ ಲೆಕ್ಕ. ಇಪ್ಪತ್ತು ಲೀಟರ್ ನೀರಿನ ಬಿಸಿಯನ್ನು ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ವರ ಸ್ನಾನಕ್ಕೆ ದಿನಕ್ಕೆ ಎರಡು, ತಿಂಗಳಿಗೆ 60 ಯೂನಿಟ್. ಹೊಸ ಮನೆಗಳಿಗೆ ಈ ಯೋಜನೆ ಆಧಾರವಾಗಿ ಹಿಡಿದ ರಾಜ್ಯದ ಸರಾಸರಿ ಗೃಹಬಳಕೆ 53 ಯೂನಿಟ್ ಎಂಬುದನ್ನು ನೆನೆದರೆ ಬಚ್ಚಲುಮನೆಯ ಪಾಲೆಷ್ಟೆಂದು ತಿಳಿಯುತ್ತದೆ. ತಾರಸಿಯ ಮೇಲೊಂದು ಸೋಲಾರ್ ವಾಟರ್ ಹೀಟರ್ ಇದ್ದರೆ ಇದರ ಬಹುಭಾಗವನ್ನು ಬಿಸಿಲೇ ಭರಿಸುತ್ತದೆ. ಇನ್ನು ಹಳೆಯ 75 ವಾಟ್ ಸೀಲಿಂಗ್ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಸುಮಾರು 30 ವಾಟ್‌ನಲ್ಲಿ ಅಷ್ಟೇ ಗಾಳಿ ನೀಡುವ ಬಿಎಲ್‌ಡಿಸಿ ಫ್ಯಾನ್‌ಗೆ 11 ಯೂನಿಟ್ ಸಾಕು. ಆದರೆ ಬಿಲ್ಲು ಸೊನ್ನೆ ಬರುವ ಮನೆಯಲ್ಲಿ ಹೆಚ್ಚು ಬೆಲೆ ಕೊಟ್ಟು ಅದನ್ನು ಯಾರು ಕೊಳ್ಳುತ್ತಾರೆ?

ಅಡುಗೆ ಅನಿಲದ ವಿಷಯದಲ್ಲಿ ನಮ್ಮ ಮನೆಗಳ ನಡವಳಿಕೆಯೇ ಬೇರೆ. ಹೊಸ ಸಿಲಿಂಡರ್ ಜೋಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಕಾಳನ್ನು ರಾತ್ರಿಯೇ ನೆನೆಹಾಕುತ್ತಾರೆ. ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿಗಳನ್ನು ಒಟ್ಟಿಗೆ ಬೇಯಿಸುತ್ತಾರೆ. 14.2 ಕಿಲೋ ಅನಿಲ ಇನ್ನೂ ನಾಲ್ಕು ದಿನ ಬಂದರೆ ಅದೇ ಲಾಭ. ಅದೇ ಮನೆಯಲ್ಲಿ ಗೀಸರ್ ಮಾತ್ರ ಅರ್ಧ ದಿನ ಉರಿಯುತ್ತಿರುತ್ತದೆ. ಜನರು ಬೇರೆಯಲ್ಲ, ಬೆಲೆ ಬೇರೆ.

ಇಂಧನ ಚಿಂತನೆಗೆ ಹೊಸ ದಿಕ್ಕು ತೋರಿದವರು ನಮ್ಮವರೇ ಆದ ಪ್ರೊ. ಅಮೂಲ್ಯ ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಸೌದೆ ಉಳಿಸುವ ಅಸ್ತ್ರ ಒಲೆ ಬಂತು. ಜನರಿಗೆ ಬೇಕಾದುದು ಯೂನಿಟ್‌ಗಳಲ್ಲ. ಬೆಳಕು, ಬಿಸಿನೀರು, ಬೆಂದ ಅನ್ನ ಎಂಬುದು ಅವರ ಪ್ರತಿಪಾದನೆಯ ತಿರುಳು. ಇವನ್ನು ಕಡಿಮೆ ಇಂಧನದಲ್ಲಿ ಒದಗಿಸಿದರೆ ಹೊಸ ಸ್ಥಾವರಗಳ ಅಗತ್ಯವೇ ತಗ್ಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ವಿದ್ಯುತ್ ಕೊರತೆ ಉಂಟಾದಾಗ, ರಾಜ್ಯದ ಉತ್ಪಾದಕರು ಇಲ್ಲಿಗೇ ವಿದ್ಯುತ್ ನೀಡಬೇಕೆಂದು ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು. ಅಂಥ ವರ್ಷಗಳು ಮತ್ತೆ ಬರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು.

ಹಾಗೆಂದು ಯೋಜನೆಯನ್ನು ಕೈಬಿಡಬೇಕೆಂಬುದು ನನ್ನ ವಾದವಲ್ಲ. ಪಂಜಾಬ್ ಸರ್ಕಾರ 2018ರಲ್ಲಿ ಆರಂಭಿಸಿದ ‘ಪಾನಿ ಬಚಾವೊ ಪೈಸೆ ಕಮಾವೊ’ ಯೋಜನೆಯಲ್ಲಿ, ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಪಡೆಯುವ ರೈತರು ತಮ್ಮ ಪಾಲಿನಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ನೀಡುವ ಏರ್ಪಾಡಾಯಿತು. ಉಚಿತವೂ ಉಳಿಯಿತು, ಉಳಿತಾಯಕ್ಕೂ ಬೆಲೆ ಬಂತು. ನಮ್ಮಲ್ಲಿಯೂ ಉಳಿಸಿದ ಯೂನಿಟ್‌ಗೆ ಎರಡು ರೂಪಾಯಿಯನ್ನಾದರೂ ಗ್ರಾಹಕರ ಬ್ಯಾಂಕ್ ಖಾತೆಗೆ ಜಮಾ ಮಾಡಬಹುದು. ವಿದ್ಯುತ್ ಕಂಪನಿಗೆ ಸರ್ಕಾರ ತೆರುವ ಸಹಾಯಧನ ಅದಕ್ಕಿಂತ ಹೆಚ್ಚಿರುವುದರಿಂದ ಬೊಕ್ಕಸಕ್ಕೂ ನಷ್ಟವಿಲ್ಲ.

ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಇದರ ತೊಡಕುಗಳೂ ಕಾಣುತ್ತವೆ. ಬೀಗ ಹಾಕಿದ ಮನೆಗೆ ಬಹುಮಾನ ಸಲ್ಲಬಾರದು. ಶೇ 10ರ ಹೆಚ್ಚುವರಿಯನ್ನು ಉಳಿತಾಯವೆಂದು ಎಣಿಸಬಾರದು. ಬಾಡಿಗೆದಾರರ ಹಣ ಮಾಲೀಕರ ಪಾಲಾಗಬಾರದು. ಮೊದಲಿನಿಂದಲೂ ಮಿತವಾಗಿ ಬಳಸಿದವರಿಗೆ ಸಮಾನವಾದ ಕನಿಷ್ಠ ಅರ್ಹತೆಯೊಂದು ಇರಬೇಕು. ಇವೆಲ್ಲ ನಿಯಮಾವಳಿಯಲ್ಲಿ ಬಗೆಹರಿಸಬಹುದಾದ ಸಂಗತಿಗಳೇ. ಮೊದಲು ಒಂದೆರಡು ಉಪವಿಭಾಗಗಳಲ್ಲಿ ಒಂದು ವರ್ಷ ಪ್ರಯೋಗ ನಡೆಯಲಿ. ಫಲಿತಾಂಶವನ್ನು ಸದನದ ಮುಂದಿಡಲಿ. ಬಳಸಿದವರಿಗೆ ನೆರವಾಗುವ ಸರ್ಕಾರ, ಉಳಿಸಿದವರನ್ನು ಗುರುತಿಸುವುದೂ ನ್ಯಾಯವೇ.