ಮಲ ತಡೆಯೋಕೆ ಆಗ್ತಿಲ್ವಾ?

ಬಾತ್‌ರೂಮ್ ಮುಟ್ಟೋ ಮೊದಲೇ ಬಟ್ಟೆ ಕೊಳೆಯಾಗುತ್ತಾ?
ಅದಕ್ಕೇ ಮದುವೆ, ಬಸ್ ಪ್ರಯಾಣ ಎಲ್ಲ ಬಿಟ್ಟಿದ್ದೀರಾ?

ಬರೀ ವಯಸ್ಸಿನ ಮೇಲೆ ಹಾಕಬೇಡಿ.
ಗುದದ್ವಾರದಲ್ಲಿ ಎರಡು ಸ್ನಾಯುಬಳೆ.
ಒಳಗಿನದು ತಾನಾಗೇ ಬಿಗಿಯಾಗಿರುತ್ತೆ.
ಹೊರಗಿನದು ನಮ್ಮ ಮಾತು ಕೇಳುತ್ತೆ.
ಹೆರಿಗೆಯಲ್ಲಿ ಸ್ನಾಯು ಹರಿದಿರಬಹುದು.
ಸಕ್ಕರೆ ಕಾಯಿಲೆಗೆ ನರ ಸೋತಿರಬಹುದು.

ಇನ್ನೊಂದು ಕಾರಣ, ನಂಬಲ್ಲ ನೀವು: ಮಲಬದ್ಧತೆ!
ಕಾಲುವೆಗೆ ಬಂಡೆ ಅಡ್ಡ ಬಿದ್ರೆ
ನೀರು ಪಕ್ಕದಿಂದ ಜಿನುಗುತ್ತಲ್ವಾ?
ಹಾಗೇ, ಗಟ್ಟಿ ಮಲದ ಪಕ್ಕದಿಂದ
ತೆಳು ಮಲ ಸೋರುತ್ತೆ.
ಭೇದಿ ಅಂದ್ಕೊಂಡು ನೀವೇ ಮಾತ್ರೆ ನುಂಗಿದ್ರೆ
ಇನ್ನೂ ಕಟ್ಟಿಕೊಳ್ಳುತ್ತೆ.

ಡಾಕ್ಟರ್ ಹತ್ರ ಬಾಯಿಬಿಟ್ಟು ಹೇಳಿ.
ಅವರಿಗೆ ಇದು ಹೊಸದಲ್ಲ.
ಕಾರಣ ನೋಡಿ ಊಟ ಬದಲಿಸ್ತಾರೆ, ಔಷಧಿ ಕೊಡ್ತಾರೆ.
ಗ್ಯಾಸ್ ತಡೆಯೋ ಹಾಗೆ ಸ್ನಾಯು ಬಿಗಿಹಿಡಿಯೋ
ವ್ಯಾಯಾಮ ಕಲಿಸ್ತಾರೆ.
ಆಪರೇಷನ್ ಕೆಲವರಿಗೆ ಮಾತ್ರ.

ಆದ್ರೆ ಸೋರಿಕೆ ದಿಢೀರ್ ಶುರುವಾಗಿ,
ತೊಡೆಸಂದು ಮರಗಟ್ಟಿದ್ರೆ, ಕಾಲು ಸೋತ್ರೆ?
ಈಗಲೇ ಎಮರ್ಜೆನ್ಸಿಗೆ ಹೋಗಿ.