ಮದ್ದೂರು, ಮಳವಳ್ಳಿಯ ಬಂಡೆಗಳು ಮತ್ತು ಅವುಗಳನ್ನು ಓದುವ ಸಂಘ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕಬ್ಬಿನ ಗದ್ದೆಗಳಿಗೂ ಹಿಪ್ಪುನೇರಳೆ ತೋಟಗಳಿಗೂ ಅಡಿಪಾಯವಾಗಿರುವ ಶಿಲೆ ಬಹುಪಾಲು ನೈಸ್. ಭೂಗರ್ಭದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡು, ಬಿಳಿಯ ಮತ್ತು ಕಪ್ಪು ಖನಿಜಗಳು ಪಟ್ಟೆಪಟ್ಟೆಯಾಗಿ ಬೇರ್ಪಟ್ಟ ಕಲ್ಲಿಗೆ ಈ ಹೆಸರಿದೆ. ದಕ್ಷಿಣ ಭಾರತದ ಉದ್ದಗಲಕ್ಕೆ ಹರಡಿರುವ ಈ ಶಿಲಾಸಮೂಹದ ಹಳೆಯ ಭಾಗಗಳಿಗೆ 300 ಕೋಟಿ ವರ್ಷಗಳಿಗೂ ಮೀರಿದ ವಯಸ್ಸಿದೆ. ಇಂಥ ಕಲ್ಲಿನ ಚರಿತ್ರೆಯನ್ನು ಒಬ್ಬರೇ ಕುಳಿತು ಓದುವುದು ಕಷ್ಟ. ಬಂಡೆಯ ಮುಂದೆ ನಿಂತು ನಾಲ್ಕು ಜನ ವಾದಿಸಿದಾಗ ಮಾತ್ರ ಅದು ಸ್ಪಷ್ಟವಾಗುತ್ತದೆ ಎಂಬ ತಿಳಿವಳಿಕೆಯಿಂದಲೇ ಭೂವಿಜ್ಞಾನದ ಸಂಘಗಳು ಹುಟ್ಟಿಕೊಂಡವು.

ಹಳೆಯ ಮೈಸೂರು ಸೀಮೆಯಲ್ಲಿ ಈ ಪರಂಪರೆ ದೀರ್ಘವಾದದ್ದು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದು, ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಅದರ ಹೊಣೆಯನ್ನು ವಹಿಸಿತು. ಇಲಾಖೆಯ ಅಧಿಕಾರಿಗಳೂ ಕಾಲೇಜಿನ ಅಧ್ಯಾಪಕರೂ ಒಂದೆಡೆ ಸೇರುತ್ತಿದ್ದ ಮೈಸೂರು ಜಿಯಾಲಜಿಸ್ಟ್ಸ್ ಅಸೋಸಿಯೇಷನ್ ತನ್ನದೇ ಬುಲೆಟಿನ್ ಪ್ರಕಟಿಸುತ್ತಿತ್ತು. ಮೈಸೂರು ಪ್ರಸ್ಥಭೂಮಿಯ ರಚನೆ ಮತ್ತು ವಿಕಾಸವನ್ನು ಕುರಿತು ಬಿ.ಪಿ. ರಾಧಾಕೃಷ್ಣ ಅವರು ಬರೆದ ದೀರ್ಘ ಪ್ರಬಂಧ 1952ರಲ್ಲಿ ಅದರಲ್ಲೇ ಬೆಳಕು ಕಂಡಿತು. ಅದೇ ರಾಧಾಕೃಷ್ಣ ಮತ್ತು ಅವರ ಹಿರಿಯ ಸಹವರ್ತಿಗಳ ಶ್ರಮದಿಂದ 1958ರಲ್ಲಿ ಬೆಂಗಳೂರಿನಲ್ಲಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ರೂಪುಗೊಂಡಿತು. 1851ರಲ್ಲಿ ಆರಂಭವಾದ ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾದೊಡನೆ ಇದನ್ನು ಹಲವರು ಬೆರೆಸಿ ಹೇಳುವುದುಂಟು. ಅದು ಸರ್ಕಾರದ ಇಲಾಖೆ, ಇದು ಆಸಕ್ತರು ಸ್ವಇಚ್ಛೆಯಿಂದ ಕಟ್ಟಿಕೊಂಡ ಸಂಘ. ರಾಜ್ಯದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿ ನಿವೃತ್ತರಾದ ಮೇಲೆ, 2012ರಲ್ಲಿ ತೀರಿಕೊಳ್ಳುವವರೆಗೂ ಸಂಘವನ್ನೂ ಅದರ ಪತ್ರಿಕೆಯನ್ನೂ ರಾಧಾಕೃಷ್ಣ ಮನೆಯ ಮಕ್ಕಳಂತೆ ಸಾಕಿದರು. ಭೂವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ತಲುಪಿಸಬೇಕೆಂಬ ಅವರ ಹಂಬಲ ಪ್ರಯೋಗಾಲಯದ ಸಾಧನೆಗಳಷ್ಟೇ ಮನ್ನಣೆಗೆ ತಕ್ಕದ್ದು.

ಸಂಘದ ಚಟುವಟಿಕೆಗಳಲ್ಲಿ ಉಪನ್ಯಾಸ, ಸಭೆ, ಪುಸ್ತಕ ಪ್ರಕಟಣೆಗಳು ಸೇರಿವೆಯಾದರೂ ಈ ವಿದ್ಯೆಯ ಜೀವ ಇರುವುದು ಕ್ಷೇತ್ರಾಧ್ಯಯನದಲ್ಲಿ, ಅಂದರೆ ಕಲ್ಲು ಹುಟ್ಟಿದ ಜಾಗಕ್ಕೇ ಹೋಗಿ ಅದನ್ನು ಪರಿಶೀಲಿಸುವುದರಲ್ಲಿ. ಸುತ್ತಿಗೆ, ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, ಶಿಲಾಪದರದ ವಾಲಿಕೆಯನ್ನು ಅಳೆಯುವ ದಿಕ್ಸೂಚಿ, ಸರ್ವೆ ನಕ್ಷೆ, ಟಿಪ್ಪಣಿ ಪುಸ್ತಕ, ಇವಿಷ್ಟು ಇದ್ದರೆ ಕೆಲಸ ಆರಂಭವಾಗುತ್ತದೆ. ಒಡೆದ ತುಣುಕಿಗೆ ಗುರುತು ಬರೆದು, ಅದು ಸಿಕ್ಕ ಸ್ಥಳವನ್ನು ನಕ್ಷೆಯಲ್ಲಿ ನಮೂದಿಸಬೇಕು. ಸ್ಥಳ ಗೊತ್ತಿಲ್ಲದ ಮಾದರಿ ಎಷ್ಟೇ ಅಂದವಾಗಿದ್ದರೂ ಅಧ್ಯಯನಕ್ಕೆ ಹೆಚ್ಚು ಉಪಯೋಗವಿಲ್ಲ. ಮುಂದೆ ಆ ತುಣುಕನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಬೆಳಕು ಹಾಯುವಂತೆ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಖನಿಜಗಳನ್ನು ಗುರುತಿಸುತ್ತಾರೆ. ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು ಎಂದು ಹಳ್ಳಿಯವರು ಬಣ್ಣ, ಹೊಳಪು, ಗಡಸುತನಗಳಿಂದಲೇ ಗುರುತಿಸುವ ಕ್ರಮವೂ ಈ ಪರೀಕ್ಷೆಯ ಮೊದಲ ಮೆಟ್ಟಿಲೇ ಆಗಿದೆ. ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯದಲ್ಲಿ 13ನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಅಷ್ಟು ನವುರಾದ ಕೆತ್ತನೆ ಮಾಡಲು ಸಾಧ್ಯವಾದದ್ದು ಬಳಪದ ಕಲ್ಲಿನ ಮೃದುತ್ವದಿಂದ.

ಈ ಭಾಗದ ಬಂಡೆಗಳಲ್ಲಿ ಲೋಕಪ್ರಸಿದ್ಧವಾದದ್ದು ಮಳವಳ್ಳಿ ತಾಲ್ಲೂಕಿನ ಗಡಿಯಾಚೆ ಇದೆ. ಮಳವಳ್ಳಿಯಿಂದ ಹಲಗೂರಿನ ಮೇಲೆ ಕನಕಪುರದ ದಾರಿ ಹಿಡಿದರೆ ಸಾತನೂರು, ಅಲ್ಲಿಂದ ಸಮೀಪದಲ್ಲೇ ಕಬ್ಬಾಳದುರ್ಗ. ಬೆಟ್ಟದ ತಪ್ಪಲಿನಲ್ಲಿ ಕಲ್ಲು ತೆಗೆಯುವವರು ತೆರೆದಿಟ್ಟ ಬಂಡೆಯ ಮುಖದಲ್ಲಿ ಬೂದುಬಣ್ಣದ ಪಟ್ಟೆನೈಸ್ ಅಲ್ಲಲ್ಲಿ ತನ್ನ ಪಟ್ಟೆಗಳನ್ನು ಕಳೆದುಕೊಂಡು, ಎಣ್ಣೆ ಸವರಿದಂತೆ ಕಾಣುವ ಕಂದುಹಸಿರು ಶಿಲೆಯಾಗಿ ಬದಲಾಗಿದೆ. ಈ ಎರಡನೆಯ ಕಲ್ಲು ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಕ್‌ನ ಸಮಾಧಿಯ ಕಲ್ಲನ್ನು ಪರೀಕ್ಷಿಸಿದ ಥಾಮಸ್ ಹಾಲೆಂಡ್ ಈ ಹೆಸರನ್ನು ಕೊಟ್ಟರು. ಸಾಮಾನ್ಯವಾಗಿ ಎರಡು ಶಿಲೆಗಳ ಸಂಬಂಧವನ್ನು ಊಹಿಸಬೇಕಾಗುತ್ತದೆ, ಆದರೆ ಇಲ್ಲಿ ಒಂದು ಇನ್ನೊಂದಾಗುವ ಹಂತವೇ ಕಣ್ಣೆದುರಿಗೆ ನಿಂತಿದೆ. ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಸುಮಾರು 250 ಕೋಟಿ ವರ್ಷಗಳ ಹಿಂದೆ, 700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದ ದ್ರವ ಕೆಳಗಿನಿಂದ ಏರಿಬಂದು ನೀರಿನ ಪ್ರಮಾಣವನ್ನು ಇಳಿಸಿತು. ಆಗ ನೀರಿನಂಶ ಹೊತ್ತಿದ್ದ ಹಾರ್ನ್‌ಬ್ಲೆಂಡ್, ಬಯೊಟೈಟ್ ಖನಿಜಗಳು ಒಡೆದು ನೀರಿಲ್ಲದ ಪೈರಾಕ್ಸೀನ್ ಹುಟ್ಟಿತು ಎಂಬ ವಿವರಣೆಯನ್ನು ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ಧನ್ ಅವರು ನ್ಯೂಟನ್ ಮತ್ತು ಹ್ಯಾನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳೊಡನೆ ಸೇರಿ 1982ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಭೂಮಿಯ ಆಳದ ಪದರ ಹೇಗೆ ಒಣಗಿ ಗಟ್ಟಿಯಾಯಿತು ಎಂಬ ದೊಡ್ಡ ಪ್ರಶ್ನೆಯ ಚರ್ಚೆಯಲ್ಲಿ ಕಬ್ಬಾಳದುರ್ಗದ ಹೆಸರು ಇಂದಿಗೂ ಬರುತ್ತದೆ.

ಮಳವಳ್ಳಿಯ ಇನ್ನೊಂದು ಬದಿಗೆ, ಶಿವನಸಮುದ್ರದ ಗಗನಚುಕ್ಕಿಯಲ್ಲಿ ಕಾವೇರಿ ಇಂಥದೇ ಗಡಸು ಶಿಲೆಯ ಮೇಲಿಂದ ಧುಮುಕುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ್ದು ಇದೇ ಇಳಿಜಾರಿನ ಬಲದಿಂದ. ಜಿಲ್ಲೆಯ ಶ್ರೀರಂಗಪಟ್ಟಣದ ಕಡೆಯ ಮರಳಗಾಲ, ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್‌ಗಳಲ್ಲಿ, ಅಂದರೆ ದಪ್ಪ ಹರಳುಗಳಿಂದ ಕೂಡಿದ ಶಿಲಾಭಿತ್ತಿಗಳಲ್ಲಿ, 1,600 ಟನ್ ಲಿಥಿಯಂ ಇರುವುದಾಗಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ ಮೇಲೆ ಸುದ್ದಿಮಾಧ್ಯಮಗಳ ಗಮನವೂ ಮಂಡ್ಯದ ಕಲ್ಲುಗಳತ್ತ ತಿರುಗಿತು.

ಎಳೆಯರನ್ನು ಈ ಕಡೆ ಸೆಳೆಯುವ ಕೆಲಸವನ್ನೂ ಸಂಘ ಮಾಡಿದೆ. ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ನಡೆಯುವ ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್‌ನ ಏಳನೆಯ ಕೂಟ 2013ರಲ್ಲಿ ಮೈಸೂರಿನಲ್ಲಿ ನಡೆದಾಗ ಅದರ ಆತಿಥ್ಯದ ಹೊಣೆ ಹೊತ್ತದ್ದು ಇದೇ ಸಂಘ. ಮಂಡ್ಯ, ಮದ್ದೂರುಗಳ ಶಾಲಾ ಮಕ್ಕಳಿಗೆ ಕಬ್ಬಾಳದುರ್ಗ ಒಂದು ದಿನದ ಪ್ರವಾಸದ ದೂರದಲ್ಲಿದೆ. ಬೆಂಗಳೂರಿನ ಲಾಲ್‌ಬಾಗ್‌ನ ನೈಸ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ದೊರೆತು, ಅದನ್ನು ವಿವರಿಸುವ ಫಲಕವನ್ನು ನಿಲ್ಲಿಸಲಾಗಿದೆ. ಅಷ್ಟೇ ಮನ್ನಣೆಗೆ ಅರ್ಹವಾದ ಕಬ್ಬಾಳದುರ್ಗದ ಬಂಡೆಯ ಬಳಿಯೂ ಪಟ್ಟೆನೈಸ್ ಯಾವುದು, ಚಾರ್ನೊಕೈಟ್ ಯಾವುದು ಎಂಬುದನ್ನು ಕನ್ನಡದಲ್ಲಿ ತಿಳಿಸುವ ಒಂದು ಫಲಕ ಇರಬೇಕು, ಮತ್ತು ಆ ಮುಖಕ್ಕೆ ಸುತ್ತಿಗೆ, ಯಂತ್ರಗಳೆರಡೂ ತಾಗದಂತೆ ಕಾಯಬೇಕು.