ಕನಗನಹಳ್ಳಿಯ ಶಿಲೆಗಳು

ಅಶೋಕ ಚಕ್ರವರ್ತಿಯ ಹೆಸರನ್ನು ಕೇಳದ ಭಾರತೀಯನು ವಿರಳ. ಅವನ ಧರ್ಮಚಕ್ರವು ನಮ್ಮ ರಾಷ್ಟ್ರಧ್ವಜದ ಮಧ್ಯದಲ್ಲಿ ವಿರಾಜಿಸುತ್ತಿರುವುದು. ಆದರೆ ಆ ಮಹಾಪುರುಷನ ನಾಮರೂಪಗಳೆರಡನ್ನೂ ಒಟ್ಟಿಗೆ ಧರಿಸಿದ ಶಿಲಾಫಲಕವು ಕನ್ನಡನಾಡಿನಲ್ಲಿಯೇ ದೊರೆತಿರುವುದೆಂಬುದನ್ನು ಬಲ್ಲವರೆಷ್ಟು ಮಂದಿ?

ಕಲಬುರಗಿ ಜಿಲ್ಲೆಯ ಭೀಮಾತೀರದಲ್ಲಿ ಸನ್ನತಿಯೆಂಬ ಗ್ರಾಮವುಂಟು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಕಾಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷಗಳು ಹೊರಬಿದ್ದವು. ಅದರ ಒಂದು ಫಲಕದಲ್ಲಿ ರಾಜನೂ ರಾಣಿಯೂ ನಿಂತಿರುವರು. ಪರಿಚಾರಿಕೆಯರು ಛತ್ರಚಾಮರಗಳನ್ನು ಹಿಡಿದಿರುವರು. ಬ್ರಾಹ್ಮೀ ಲಿಪಿಯಲ್ಲಿ ‘ರಾಯೊ ಅಸೋಕೊ’ ಎಂದು ಕೊರೆದಿರುವುದು. ಭಾಷೆ ಪ್ರಾಕೃತವಾದರೂ ‘ರಾಯ’ನೆಂಬ ಮಾತಿಗೆ ಕನ್ನಡಿಗನಿಗೆ ಟೀಕೆ ಬೇಕಿಲ್ಲ. ಇದು ಅಶೋಕನ ಕಾಲದ ಕೃತಿಯಲ್ಲ, ಅನಂತರದ್ದು. ಆದುದರಿಂದ ಇದರಲ್ಲಿ ಮುಖಸಾದೃಶ್ಯವನ್ನು ಅರಸಲಾಗದು. ಜನರ ನೆನಪಿನಲ್ಲಿ ಅವನು ಅಷ್ಟು ಕಾಲ ಬಾಳಿದನೆಂಬುದೇ ಇದರ ಮಹತ್ವ.

ಇಂಥ ಪ್ರಾಚೀನ ಬೌದ್ಧಶಿಲ್ಪಗಳನ್ನು ನೋಡುವುದಕ್ಕೆ ಸಂಕೇತಜ್ಞಾನವು ಅವಶ್ಯ. ಆದಿಯ ಶಿಲ್ಪಿಗಳು ಬುದ್ಧನನ್ನು ಮನುಷ್ಯಾಕಾರದಲ್ಲಿ ಕಡೆಯುತ್ತಿರಲಿಲ್ಲ. ಬೋಧಿವೃಕ್ಷದಡಿಯ ಬರಿದಾದ ಆಸನವೆಂದರೆ ಜ್ಞಾನೋದಯ, ಚಕ್ರವೆಂದರೆ ಸಾರನಾಥದ ಪ್ರಥಮೋಪದೇಶ, ಸ್ತೂಪವೆಂದರೆ ಮಹಾಪರಿನಿರ್ವಾಣ, ಪಾದಮುದ್ರೆಗಳೆಂದರೆ ಭಗವಂತನ ಸಾನ್ನಿಧ್ಯ. ಗುರುವಿನ ಪಾದುಕೆಗಳಲ್ಲಿ ಗುರುವನ್ನೇ ಕಾಣುವ ನಮ್ಮ ಜನಕ್ಕೆ ಈ ಭಾಷೆ ಅಪರಿಚಿತವಲ್ಲ. ಅರಿಯದವನಿಗೆ ಅದು ಶೂನ್ಯಪೀಠ. ಅರಿತವನಿಗೆ ತುಂಬಿದ ಸನ್ನಿಧಿ.

ಅಮರಾವತಿಯ ಸ್ತೂಪದ ಎಷ್ಟೋ ಶಿಲ್ಪಗಳು ಸುಣ್ಣದ ಗೂಡಿಗೆ ಆಹುತಿಯಾದವು. ಉಳಿದವುಗಳಲ್ಲಿ ಅನೇಕವು ಸಮುದ್ರ ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಆಗ ನಾವು ಪರತಂತ್ರರಾಗಿದ್ದೆವೆಂದು ಹೇಳಿ ಸಮಾಧಾನಪಟ್ಟುಕೊಳ್ಳಬಹುದು. ಆದರೆ ಕನಗನಹಳ್ಳಿಯ ಶಿಲೆಗಳು ಬೆಳಕಿಗೆ ಬಂದುದು ಸ್ವತಂತ್ರ ಭಾರತದಲ್ಲಿ. ಉತ್ಖನನವಾದ ಮೇಲೆ ಅವು ಬಹುವರ್ಷ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬಿದ್ದಿದ್ದುದೂ ಸ್ವತಂತ್ರ ಭಾರತದಲ್ಲಿಯೇ. ಈ ಹೊಣೆಯನ್ನು ಯಾವ ಪರಕೀಯನ ಮೇಲೆ ಹೊರಿಸೋಣ?

ಮಣ್ಣು ಎರಡು ಸಾವಿರ ವರ್ಷ ಕಾದುದನ್ನು ಮನುಷ್ಯನು ಒಂದು ತಲೆಮಾರಿನಲ್ಲಿ ಕಳೆಯಬಾರದು. ಸರಕಾರವು ನೆರಳನ್ನೂ ಕಾವಲನ್ನೂ ನಿರಂತರವಾಗಿ ಒದಗಿಸಲಿ. ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಆ ಸಂಕೇತಗಳನ್ನು ಓದಲು ಕಲಿಸಲಿ. ಧ್ವಜದ ಚಕ್ರಕ್ಕೆ ವಂದಿಸುವ ಜನಾಂಗವು ಅದೇ ಚಕ್ರವನ್ನು ಕಡೆದ ಕಲ್ಲನ್ನು ಅನಾದರಿಸುವುದು ಯುಕ್ತವಲ್ಲ.